ವೈಯಾವೃತ್ಯವೂ ತಪಸ್ಸೇ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನ

ಜಿನಾಗಮವು ತಪಸ್ಸನ್ನು ಬಾಹ್ಯವೆಂದೂ ಅಭ್ಯಂತರವೆಂದೂ ಎರಡಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಆರಾರು ಭೇದಗಳನ್ನು ಹೇಳಿದೆ. ಅನಶನವು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು. ವೈಯಾವೃತ್ಯವು ಅಭ್ಯಂತರ ತಪಸ್ಸುಗಳಲ್ಲಿ ಮೂರನೆಯದು; ಪ್ರಾಯಶ್ಚಿತ್ತ, ವಿನಯಗಳ ಅನಂತರ, ಸ್ವಾಧ್ಯಾಯ, ಧ್ಯಾನಗಳಿಗಿಂತ ಮೊದಲು ಅದರ ಸ್ಥಾನ. ರೋಗಿ, ವೃದ್ಧ, ಬಳಲಿದವ, ಹೊಸದಾಗಿ ವ್ರತ ಹಿಡಿದವ ಇವರ ಕಷ್ಟವನ್ನು ತನ್ನ ಕೈಯಾರೆ ಪರಿಹರಿಸುವುದೇ ವೈಯಾವೃತ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಶ್ರಾವಕನ ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ಪ್ರೋಷಧೋಪವಾಸದ ಪಕ್ಕದಲ್ಲಿಯೇ ವೈಯಾವೃತ್ಯವನ್ನು ಇಟ್ಟಿದ್ದಾರೆ. ಒಂದು ವ್ರತದಲ್ಲಿ ತನ್ನ ಹಸಿವನ್ನು ಗೆಲ್ಲಬೇಕು. ಇನ್ನೊಂದರಲ್ಲಿ ಪರರ ನೋವನ್ನು ತನ್ನದೆಂದು ಹೊರಬೇಕು.

ಆದರೆ ಲೋಕದ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಪರ್ವದ ಕೊನೆಯಲ್ಲಿ ಹತ್ತು ಉಪವಾಸ ಮಾಡಿದವರನ್ನು ಸಮಾಜವು ಗೌರವಿಸುತ್ತದೆ. ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆಯನ್ನು ಹತ್ತು ತಿಂಗಳು ಒಗೆದವಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಈ ಎರಡು ತಪಸ್ಸುಗಳೂ ಒಂದೇ ಶರೀರದಲ್ಲಿ ಹೇಗೆ ಕೂಡಿ ಬಾಳಬಲ್ಲವೆಂಬುದಕ್ಕೆ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನವೇ ಸಾಕ್ಷಿ. ಅವರು ಮುನಿಜೀವನದ 35 ವರ್ಷಗಳಲ್ಲಿ 9,938 ಉಪವಾಸಗಳನ್ನು ಮಾಡಿದರೆಂಬ ಸಂಖ್ಯೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಮುನಿಯಾಗುವುದಕ್ಕೆ ಮೊದಲು ಅವರ ಹೆಗಲು ಹೊತ್ತ ಭಾರದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಜನನ ಮತ್ತು ಗೃಹಜೀವನ

ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಪ್ರದೇಶದಲ್ಲಿ, ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯಲ್ಲಿ, ಭೋಜ ಎಂಬ ಗ್ರಾಮವಿದೆ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡರು ಮತ್ತು ಸತ್ಯವತಿಯವರ ಮಗನಾಗಿ, ತಾಯಿಯ ತವರೂರಾದ ಯಳಗುಡದಲ್ಲಿ 1872ರಲ್ಲಿ ಅವರು ಜನಿಸಿದರು. ಅವರಿಗೆ ಸಾತಗೌಡ ಎಂದು ಹೆಸರಿಟ್ಟರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಎಳೆಯ ಬಾಲಿಕೆ ತೀರಿಕೊಂಡಳು. ಮುಂದೆ ಹಿರಿಯರು ಎಷ್ಟು ಹೇಳಿದರೂ ಸಾತಗೌಡರು ಮರುವಿವಾಹಕ್ಕೆ ಒಪ್ಪದೆ ಬ್ರಹ್ಮಚರ್ಯದಲ್ಲಿಯೇ ಉಳಿದರು.

ಮನೆಯಲ್ಲಿ ಹೊಲವಿತ್ತು, ಬಟ್ಟೆಯ ಅಂಗಡಿಯಿತ್ತು. ಸಾತಗೌಡರು ಅಂಗಡಿಯಲ್ಲಿ ಕುಳಿತ ದಿನ, ಬಂದ ಗಿರಾಕಿಯು ತಾನೇ ಬಟ್ಟೆಯನ್ನು ಅಳೆದು ಹರಿದುಕೊಂಡು ಲೆಕ್ಕವನ್ನು ಬರೆದಿಟ್ಟು ಹೋಗುತ್ತಿದ್ದನೆಂದೂ, ಹೊಲಕ್ಕೆ ಹೋದ ದಿನ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನು ಇಡುತ್ತಿದ್ದರೆಂದೂ ಅವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ವ್ಯಾಪಾರದ ಜಾಣತನ ಅವರಲ್ಲಿರಲಿಲ್ಲ. ಶರೀರಬಲ ಮಾತ್ರ ಅಸಾಧಾರಣವಾಗಿತ್ತು. ಆ ಬಲವನ್ನು ಅವರು ಎಲ್ಲಿ ವ್ಯಯಮಾಡಿದರೆಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಆ ದಿನಗಳಲ್ಲಿ ದಿಗಂಬರ ಮುನಿಗಳ ಸಂಖ್ಯೆ ಅತ್ಯಲ್ಪವಾಗಿತ್ತು. ಭೋಜದ ಸುತ್ತಿನ ಗ್ರಾಮಗಳಿಗೆ ಆದಿಸಾಗರ ಮುನಿಗಳು ವಿಹರಿಸಿ ಬರುತ್ತಿದ್ದರು. ನದಿಯಲ್ಲಿ ನೀರಿದ್ದಾಗ ಸಾತಗೌಡರು ಅವರನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ಸಂಗಮವನ್ನು ದಾಟಿಸುತ್ತಿದ್ದರು. ಇದು ಒಂದು ದಿನದ ಉತ್ಸಾಹವಾಗಿರದೆ ಅವರ ನಿಯತ ಸೇವೆಯಾಗಿತ್ತು. ಮುನಿಗಳ ಆಹಾರಕ್ಕೆ ಅನುಕೂಲ ಮಾಡುವುದು, ಸಾಧುಗಳ ಬಳಿ ಕುಳಿತು ಶಾಸ್ತ್ರವನ್ನು ಕೇಳುವುದು ಸಹ ಈ ಸೇವೆಯ ಜೊತೆಗೆ ನಡೆಯುತ್ತಿತ್ತು.

ವೃದ್ಧ ತಂದೆ ತಾಯಿಗಳಿಗಾಗಿ ತಡೆದ ವೈರಾಗ್ಯ

ಹದಿನೆಂಟರ ಹರೆಯದಲ್ಲಿಯೇ ಸಾತಗೌಡರಿಗೆ ದೀಕ್ಷೆಯ ಬಯಕೆ ಉಂಟಾಗಿತ್ತು. ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ತಂದೆ ಕೇಳಿಕೊಂಡರು. ಮಗ ಒಪ್ಪಿದರು. ಹೀಗೆ ಒಪ್ಪಿದ್ದು ಒಂದೆರಡು ವರ್ಷಗಳಿಗಲ್ಲ. ಎರಡು ದಶಕಗಳಿಗೂ ಮಿಕ್ಕ ಕಾಲ ಅವರು ಆ ಮಾತಿಗೆ ಬದ್ಧರಾಗಿ ನಿಂತರು.

ಭೀಮಗೌಡರು ಸಹ ದೃಢವ್ರತಿಗಳು. ಕೊನೆಯ 16 ವರ್ಷಗಳ ಕಾಲ ದಿನಕ್ಕೆ ಒಂದೇ ಬಾರಿ ಅನ್ನಪಾನಗಳನ್ನು ಸ್ವೀಕರಿಸುವ ನಿಯಮವನ್ನು ಪಾಲಿಸಿ ಸಮಾಧಿಪೂರ್ವಕವಾಗಿ ದೇಹವನ್ನು ತ್ಯಜಿಸಿದರು. ವಯಸ್ಸಾದ ವ್ರತಿಯೊಬ್ಬರು ಮನೆಯಲ್ಲಿದ್ದರೆ ಆ ವ್ರತದ ಅರ್ಧ ಭಾರ ಮನೆಯವರ ಮೇಲಿರುತ್ತದೆ. ಹೊತ್ತಿಗೆ ಸರಿಯಾಗಿ ಶುದ್ಧವಾದ ಅಡುಗೆಯಾಗಬೇಕು, ನೀರನ್ನು ಸೋಸಿ ಕಾಯಿಸಬೇಕು, ಆ ಒಂದು ಹೊತ್ತು ತಪ್ಪಿದರೆ ಮರುದಿನದವರೆಗೆ ಕಾಯಬೇಕಾದ ಮುದಿ ಶರೀರವನ್ನು ನೆನಪಿನಲ್ಲಿಡಬೇಕು. ವ್ರತ ಹಿಡಿದವರ ಹೆಸರು ಉಳಿಯುತ್ತದೆ. ಅದನ್ನು ನಡೆಸಿಕೊಟ್ಟವರ ಶ್ರಮ ಒಲೆಯ ಬಳಿಯೇ ಉಳಿಯುತ್ತದೆ. ತಂದೆ ತಾಯಿಗಳಿಬ್ಬರೂ ಕಾಲವಾದ ಮೇಲೆಯೇ, ನಲವತ್ತರ ವಯಸ್ಸನ್ನು ಮುಟ್ಟಿದ ಸಾತಗೌಡರು ಮನೆಯನ್ನು ಬಿಡುವ ಹೆಜ್ಜೆಯಿಟ್ಟರು. ಮೋಕ್ಷಮಾರ್ಗದಲ್ಲಿ ಅಷ್ಟು ಆತುರವಿದ್ದವರು ಮುಪ್ಪಿನ ಜೀವಗಳೆರಡನ್ನು ನಡುನೀರಿನಲ್ಲಿ ಕೈಬಿಟ್ಟು ಹೊರಡಲಿಲ್ಲ.

ಶಿಖರಜಿಯ ದಾರಿಯಲ್ಲಿ

ಗೃಹಸ್ಥಾಶ್ರಮದಲ್ಲಿದ್ದಾಗಲೇ, 32ರ ವಯಸ್ಸಿನಲ್ಲಿ, ಅವರು ಶ್ರೀ ಸಮ್ಮೇದಶಿಖರಜಿಯ ಯಾತ್ರೆಯನ್ನು ಮಾಡಿದರು. ಇಂದಿನ ಝಾರ್ಖಂಡ ರಾಜ್ಯದಲ್ಲಿರುವ ಈ ಪರ್ವತವು 20 ತೀರ್ಥಂಕರರ ನಿರ್ವಾಣಭೂಮಿ. ಏರುವುದು, ಟೋಂಕುಗಳನ್ನು ಸುತ್ತುವುದು, ಇಳಿಯುವುದು ಎಲ್ಲವೂ ಸೇರಿ ವಂದನೆಯ ದಾರಿ ಸುಮಾರು 27 ಕಿಲೋಮೀಟರು. ನಸುಕಿನಲ್ಲಿ ಹೊರಟ ಗಟ್ಟಿಮುಟ್ಟಾದ ತರುಣರೂ ಕಾಲುಸೋತು ಮರಳುವ ದಾರಿ ಅದು. ಡೋಲಿಗೆ ಹಣವಿದ್ದವರ ಮಾತು ಬೇರೆ; ಬಡ ವೃದ್ಧರಿಗೆ ಸ್ವಂತ ಕಾಲುಗಳೇ ಗತಿ.

ಆ ಯಾತ್ರೆಯಲ್ಲಿ ಪರ್ವತವನ್ನು ಏರಲಾರದೆ ಸೋತ ಒಬ್ಬ ವೃದ್ಧ ತಾಯಿಯನ್ನು ಸಾತಗೌಡರು ಕಂಡರು. ಜನ್ಮವಿಡೀ ಹಂಬಲಿಸಿ ಪರ್ವತದ ಬುಡದವರೆಗೆ ಬಂದು ಅಲ್ಲಿಂದಲೇ ಕೈಮುಗಿದು ಹಿಂದಿರುಗುವ ಸ್ಥಿತಿ ಆಕೆಯದು. ಅವರು ಆಕೆಯನ್ನು ತಮ್ಮ ಮೇಲೆ ಹೊತ್ತುಕೊಂಡು ವಂದನೆಯನ್ನು ಮಾಡಿಸಿದರು. ರಾಜಗೃಹದ ಐದು ಬೆಟ್ಟಗಳ ವಂದನೆಯಲ್ಲಿಯೂ ಹೀಗೆಯೇ ಒಬ್ಬ ಅಶಕ್ತ ವೃದ್ಧರನ್ನು ಹೊತ್ತು ದರ್ಶನ ಮಾಡಿಸಿದರೆಂದು ಪಂಡಿತ ಸುಮೇರುಚಂದ್ರ ದಿವಾಕರರು ಬರೆದ ಜೀವನಚರಿತ್ರೆಯಿಂದ ತಿಳಿಯುತ್ತದೆ.

ಅದೇ ಶಿಖರಜಿಯಲ್ಲಿ ಸಾತಗೌಡರು ಜೀವನಪರ್ಯಂತ ತುಪ್ಪ ಮತ್ತು ಎಣ್ಣೆಗಳ ತ್ಯಾಗವನ್ನು ಮಾಡಿದರು. ಊರಿಗೆ ಮರಳಿದ ಮೇಲೆ ಏಕಭುಕ್ತಿಯ ನಿಯಮವನ್ನು ಹಿಡಿದರು. ರಸಪರಿತ್ಯಾಗವೆಂಬ ಬಾಹ್ಯ ತಪಸ್ಸು, ವೃದ್ಧರ ಸೇವೆ ಎರಡೂ ಒಂದೇ ಯಾತ್ರೆಯ ಫಲಗಳಾದವು. ಒಂದನ್ನು ಮಾಡಿದವರು ಇನ್ನೊಂದರಿಂದ ಮುಕ್ತರೆಂಬ ಭಾವನೆ ಅವರಲ್ಲಿರಲಿಲ್ಲ.

ಆ ವೃದ್ಧೆ ಮುನಿಯಲ್ಲ, ಆರ್ಯಿಕೆಯಲ್ಲ. ಪಾತ್ರದಾನದ ಲಕ್ಷಣ ಅಲ್ಲಿ ಹೇಗೆ ಹೊಂದೀತೆಂದು ಶಾಸ್ತ್ರವನ್ನು ಬಲ್ಲವರು ಕೇಳಬಹುದು. ಪಾತ್ರದಾನಕ್ಕೆ ಉತ್ತಮ, ಮಧ್ಯಮ, ಜಘನ್ಯವೆಂಬ ಮೂರು ಮೆಟ್ಟಿಲುಗಳಿವೆ; ವ್ರತವಿಲ್ಲದ ಸಮ್ಯಗ್ದೃಷ್ಟಿಯೂ ಮೂರನೆಯ ಮೆಟ್ಟಿಲಿನಲ್ಲಿ ಸೇರುತ್ತಾನೆ. ಅದರಾಚೆಗೆ ಕರುಣಾದಾನವಿದೆ. ಅದಕ್ಕೆ ದುಃಖಿತನಾದ ಜೀವಮಾತ್ರವೂ ಅರ್ಹ. ಆದ್ದರಿಂದ ಬಾಗಿಲ ಮುಂದಿನ ವೃದ್ಧನು ಯಾವ ಮೆಟ್ಟಿಲಿನವನೆಂದು ವಿಚಾರಿಸುತ್ತ ಕೈಕಟ್ಟಿ ನಿಲ್ಲಲು ಆಗಮದಲ್ಲಿ ಆಧಾರವಿಲ್ಲ.

ದೀಕ್ಷೆ ಮತ್ತು ಸಂಘ

1915ರಲ್ಲಿ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯಾಯಿತು. ಸಾತಗೌಡರು ಶಾಂತಿಸಾಗರರಾದರು. ಮುಂದೆ ಗಿರನಾರದಲ್ಲಿ ಐಲಕಪದವನ್ನು, 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆಯನ್ನು ಸ್ವೀಕರಿಸಿದರು. 1924ರಲ್ಲಿ ಸಮಡೋಳಿಯಲ್ಲಿ ಚತುಸ್ಸಂಘವು ಅವರಿಗೆ ಆಚಾರ್ಯಪದವನ್ನು ನೀಡಿತು. 1927ರಲ್ಲಿ ಕುಂಭೋಜ ಬಾಹುಬಲಿಯಿಂದ ಹೊರಟ ಅವರ ಸಂಘವು ಕಾಲ್ನಡಿಗೆಯಲ್ಲಿ 1928ರಲ್ಲಿ ಶಿಖರಜಿಯನ್ನು ತಲುಪಿತು. ಹಿಂದೆ ವೃದ್ಧೆಯನ್ನು ಹೊತ್ತು ಏರಿದ ಪರ್ವತವನ್ನು ಈಗ ಪಿಂಛಿ ಕಮಂಡಲುಗಳನ್ನು ಹಿಡಿದು ಏರಿದರು. ಅನಂತರ ಕಟನಿ, ಲಲಿತಪುರ, ಮಥುರಾ, ದೆಹಲಿಗಳಲ್ಲಿ ಚಾತುರ್ಮಾಸಗಳಾದವು. ಶತಮಾನಗಳಿಂದ ದಿಗಂಬರ ಮುನಿಗಳ ವಿಹಾರ ವಿರಳವಾಗಿದ್ದ ಉತ್ತರ ಭಾರತದಲ್ಲಿ ಆ ಮಾರ್ಗ ಪುನಃ ತೆರೆಯಿತು.

ಮುನಿಯಾದ ಮೇಲೆ ಅವರ ಬಳಿ ಕೊಡಲು ಧನವಿರಲಿಲ್ಲ, ಅಡುಗೆ ಮಾಡಿ ಬಡಿಸುವ ಅಧಿಕಾರವೂ ಇರಲಿಲ್ಲ. ಆದರೆ ಸಂಘದ ಬಾಳು ನಿಂತಿರುವುದೇ ಪರಸ್ಪರ ವೈಯಾವೃತ್ಯದ ಮೇಲೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ವೈಯಾವೃತ್ಯಕ್ಕೆ ಯೋಗ್ಯರಾದ ಹತ್ತು ಬಗೆಯವರನ್ನು ಎಣಿಸುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲಿಯೇ ಗ್ಲಾನನನ್ನು, ಎಂದರೆ ರೋಗದಿಂದ ಕುಂದಿದವನನ್ನು ಸೇರಿಸಿದ್ದಾರೆ. ರೋಗಿಯ ಶರೀರವನ್ನು ಕಂಡು ಹೇಸುವವನ ಸಮ್ಯಗ್ದರ್ಶನಕ್ಕೆ ನಿರ್ವಿಚಿಕಿತ್ಸೆಯೆಂಬ ಅಂಗವೇ ಇಲ್ಲ. ವಾಂತಿ ಮಾಡಿಕೊಂಡ ಮುನಿಯನ್ನು ತನ್ನ ಕೈಗಳಿಂದಲೇ ತೊಳೆದ ಉದ್ದಾಯನ ರಾಜನ ಕಥೆಯನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದದ್ದು ಇದೇ ಕಾರಣದಿಂದ.

ಶ್ರಾವಕರ ಪಾಲೂ ಇದರಲ್ಲಿ ಸಣ್ಣದಲ್ಲ. ಸಂಘವೊಂದು ಊರಿಗೆ ಬಂದಿತೆಂದರೆ ಬೆಳಗಿನ ಜಾವದಲ್ಲಿ ನೀರು ಸೇದಿ ಸೋಸುವವರು, ಅಂದಂದಿನ ಹಿಟ್ಟನ್ನು ಅಂದಂದೇ ಬೀಸುವವರು, ದಾರಿ ತೋರಿಸುವವರು, ಅಸ್ವಸ್ಥರಾದ ತ್ಯಾಗಿಗಳಿಗೆ ಶುದ್ಧವಾದ ಔಷಧವನ್ನು ಸಿದ್ಧಪಡಿಸುವವರು ಎಲ್ಲರೂ ಬೇಕು. ಇವರಾರೂ ಕೂಲಿಯವರಲ್ಲ. ಆಚಾರ್ಯರ ಸಾವಿರಾರು ಉಪವಾಸಗಳ ನಡುವಿನ ಒಂದೊಂದು ಪಾರಣೆಯ ಹಿಂದೆಯೂ ಹೆಸರು ತಿಳಿಯದ ಇಂತಹ ಕೈಗಳಿದ್ದವು.

ಕಣ್ಣು ಮಂದವಾದಾಗ

ಎಂಬತ್ತು ದಾಟಿದ ಆಚಾರ್ಯರ ದೃಷ್ಟಿಯು ಕಾಚಬಿಂದು ರೋಗದಿಂದ ಕುಂದತೊಡಗಿತು. ದಿಗಂಬರ ಮುನಿಗೆ ಕಣ್ಣು ಸಂಯಮದ ಉಪಕರಣ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಅಂಜಲಿಯಲ್ಲಿ ಬಿದ್ದ ತುತ್ತನ್ನು ನೋಡಿ ಸ್ವೀಕರಿಸುವುದು ಏಷಣಾಸಮಿತಿಯ ಅಂಗ. ಕಣ್ಣು ಹೋದ ಮೇಲೆ ಇವೆರಡೂ ನಡೆಯಲಾರವು. ಚಿಕಿತ್ಸೆಯಿಂದ ದೃಷ್ಟಿ ಮರಳುವ ಆಶೆ ಉಳಿಯಲಿಲ್ಲ. ಕುಲಭೂಷಣ, ದೇಶಭೂಷಣ ಮುನಿಗಳ ಸಿದ್ಧಕ್ಷೇತ್ರವಾದ ಕುಂಥಲಗಿರಿಯಲ್ಲಿ, 1955ರ ಆಗಸ್ಟ್ 14ರಿಂದ ಅವರು ಸಲ್ಲೇಖನೆಯ ಮಾರ್ಗದಲ್ಲಿ ನಡೆದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಿಗೆ ಪ್ರತೀಕಾರವೇ ಇಲ್ಲದಾಗ ಧರ್ಮರಕ್ಷಣೆಗಾಗಿ ದೇಹವನ್ನು ಬಿಡುವುದನ್ನು ಸಮಂತಭದ್ರರು ಸಲ್ಲೇಖನೆಯೆಂದಿದ್ದಾರೆ. ಪ್ರತೀಕಾರವಿಲ್ಲದಾಗ ಎಂಬ ನಿಬಂಧನೆಯನ್ನು ಮರೆಯಬಾರದು. ಔಷಧವಿದ್ದೂ ಕೊಡಿಸದೆ, ಕನ್ನಡಕವಿಲ್ಲದೆ, ಮಾತನಾಡಿಸುವವರಿಲ್ಲದೆ ಒಬ್ಬ ವೃದ್ಧರು ಅನ್ನದ ಮೇಲಿನ ಮನಸ್ಸನ್ನು ಕಳೆದುಕೊಂಡರೆ ಅದು ವ್ರತವಲ್ಲ. ಅದು ಸುತ್ತಲಿನವರು ಮಾಡದೆ ಉಳಿಸಿದ ವೈಯಾವೃತ್ಯದ ಫಲ. ಜೀವನವಿಡೀ ವ್ರತಗಳನ್ನು ಪಾಲಿಸಿ, ಗುರುಗಳ ಸಾನ್ನಿಧ್ಯದಲ್ಲಿ, ಪ್ರಸನ್ನಚಿತ್ತದಿಂದ ಸ್ವೀಕರಿಸುವ ಸಮಾಧಿಗೂ ನಿರ್ಲಕ್ಷ್ಯದಿಂದ ಬಂದ ಕ್ಷಯಕ್ಕೂ ಬೆಟ್ಟ ಪಾತಾಳಗಳ ಅಂತರ.

ಸಲ್ಲೇಖನೆಯು ಏಕಾಂತದಲ್ಲಿ ಒಬ್ಬರೇ ಸಾಧಿಸುವ ವ್ರತವೂ ಅಲ್ಲ. ಶಿವಾರ್ಯರ ಭಗವತೀ ಆರಾಧನೆಯು ಒಬ್ಬ ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ವಿಧಿಸುತ್ತದೆ. ನಾಲ್ಕು ನಾಲ್ಕು ಜನರಂತೆ ಅವರ ಕೆಲಸಗಳು ಹಂಚಿಕೆಯಾಗಿವೆ. ನಾಲ್ವರು ಕ್ಷಪಕನನ್ನು ಎಬ್ಬಿಸಿ ಕುಳ್ಳಿರಿಸಿ ಮಗ್ಗುಲು ತಿರುಗಿಸಬೇಕು. ನಾಲ್ವರು ಧರ್ಮಕಥೆಯನ್ನು ಹೇಳಬೇಕು. ನಾಲ್ವರು ಆಹಾರದ, ನಾಲ್ವರು ಪಾನಕದ ವ್ಯವಸ್ಥೆ ನೋಡಬೇಕು. ನಾಲ್ವರು ಅದನ್ನು ಕಾಯಬೇಕು. ನಾಲ್ವರು ಮಲಮೂತ್ರಗಳನ್ನು ಎತ್ತಿ ಹಾಸಿಗೆಯನ್ನು ಶುದ್ಧಗೊಳಿಸಬೇಕು. ನಾಲ್ವರು ರಾತ್ರಿ ಎಚ್ಚರವಿರಬೇಕು. ಕ್ಷಪಕನ ಬಾಗಿಲಿಗೂ ಧರ್ಮಸಭೆಯ ಬಾಗಿಲಿಗೂ ನಾಲ್ವರು ನಾಲ್ವರು. ಉಳಿದವರಲ್ಲಿ ಕೆಲವರು ದೇಶದ ಕ್ಷೇಮಸಮಾಚಾರವನ್ನು ತಿಳಿಯಬೇಕು, ಕೆಲವರು ಬಂದ ಜನರಿಗೆ ಹೊರಗೆ ಧರ್ಮವನ್ನು ಹೇಳಬೇಕು, ಕೆಲವರು ವಾದಿಗಳಿಗೆ ಉತ್ತರಿಸಬೇಕು. ಮಲವನ್ನು ಎತ್ತುವವರಿಗೂ ಶಾಸ್ತ್ರವನ್ನು ಹೇಳುವವರಿಗೂ ಒಂದೇ ಹೆಸರು: ನಿರ್ಯಾಪಕ.

ಕಾಲ ಕೆಟ್ಟಾಗ ಈ ಸಂಖ್ಯೆಯನ್ನು ಇಳಿಸಬಹುದು, ಎರಡಕ್ಕಿಂತ ಕಡಿಮೆಯಾಗಬಾರದು. ಒಬ್ಬನೇ ಇದ್ದರೆ ಅವನು ತನ್ನ ಅನ್ನ ನಿದ್ರೆಗಳನ್ನು ಬಿಟ್ಟು ತಾನು ಕೆಡಬೇಕು, ಇಲ್ಲವೆ ಕ್ಷಪಕನನ್ನು ಒಂಟಿಯಾಗಿ ಬಿಟ್ಟು ಅವನ ಸಮಾಧಿಯನ್ನು ಕೆಡಿಸಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ರೋಗಿಯ ಹಾಸಿಗೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದವರಿಗೆಲ್ಲ ಈ ಮಾತಿನ ಸತ್ಯವು ತಿಳಿದಿದೆ.

ಕುಂಥಲಗಿರಿಯಲ್ಲಿ ಆ ದಿನಗಳಲ್ಲಿ ತ್ಯಾಗಿಗಳೂ ಶ್ರಾವಕರೂ ಆಚಾರ್ಯರ ಸೇವೆಯಲ್ಲಿ ನಿಂತರು. ದೇಶದ ನಾನಾ ಕಡೆಗಳಿಂದ ಸಹಸ್ರಾರು ಜನರು ದರ್ಶನಕ್ಕೆ ಬಂದರು. ಆಚಾರ್ಯರು ತಮ್ಮ ಪದವನ್ನು ಶಿಷ್ಯರಾದ ವೀರಸಾಗರ ಮುನಿಗಳಿಗೆ ಒಪ್ಪಿಸಿ ಆ ಭಾರದಿಂದಲೂ ಮುಕ್ತರಾದರು. ಸೆಪ್ಟೆಂಬರ್ 8ರಂದು, ನಿತ್ರಾಣವಾದ ಶರೀರದಿಂದಲೇ, ಅವರು ನೀಡಿದ ಅಂತಿಮ ಉಪದೇಶವನ್ನು ಧ್ವನಿಮುದ್ರಣ ಮಾಡಲಾಯಿತು. 36ನೆಯ ದಿನ, 1955ರ ಸೆಪ್ಟೆಂಬರ್ 18ರ ಭಾನುವಾರ ಬೆಳಿಗ್ಗೆ ಸಮಾಧಿಮರಣವಾಯಿತು. ನದಿಯಲ್ಲಿ ಮುನಿಗಳನ್ನು, ಪರ್ವತದಲ್ಲಿ ವೃದ್ಧೆಯನ್ನು ಹೊತ್ತ ಆ ಬಲಶಾಲಿ ಶರೀರವೂ ಕೊನೆಯಲ್ಲಿ ಪರರ ಕೈಗಳ ಆಸರೆಯನ್ನು ಪಡೆಯಿತು. ಶರೀರವನ್ನು ಧರಿಸಿದ ಯಾರಿಗೂ ಈ ಸ್ಥಿತಿ ತಪ್ಪಿದ್ದಲ್ಲ.

ಗೃಹಸ್ಥರು ಗ್ರಹಿಸಬೇಕಾದುದು

ಇಂದು ನಮ್ಮ ಅನೇಕ ಗ್ರಾಮಗಳ ಬಸದಿ ಓಣಿಗಳಲ್ಲಿ ಮಕ್ಕಳು ದೂರದ ನಗರಗಳಿಗೂ ಪರದೇಶಗಳಿಗೂ ಹೋಗಿ, ಹಿರಿಯರು ಮಾತ್ರ ಉಳಿದ ಮನೆಗಳಿವೆ. ಅಭಿಷೇಕದ ಗಂಟೆ ಕೇಳಿದರೂ ಮೆಟ್ಟಿಲು ಹತ್ತಲಾಗದೆ ಜಗುಲಿಯಲ್ಲಿಯೇ ಕೈಮುಗಿಯುವವರಿದ್ದಾರೆ. ಪಾರ್ಶ್ವವಾಯುವಾದ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುತ್ತ ತಾನೇ ರೋಗಿಯಾಗುತ್ತಿರುವ ಸೊಸೆಯಿದ್ದಾಳೆ. ಒಬ್ಬನೇ ನಿರ್ಯಾಪಕನಿರಬಾರದೆಂಬ ಶಿವಾರ್ಯರ ವಿಧಿಯು ಇಂತಹ ಮನೆಗೂ ಅನ್ವಯಿಸುತ್ತದೆ.

ಇದಕ್ಕೆ ದೊಡ್ಡ ನಿಧಿಯಾಗಲಿ ಕಟ್ಟಡವಾಗಲಿ ಅಗತ್ಯವಿಲ್ಲ. ಪ್ರತಿಯೊಂದು ಬಸದಿಯ ಶ್ರಾವಕ ಶ್ರಾವಿಕೆಯರು ನಾಲ್ಕು ನಾಲ್ಕು ಜನರ ಗುಂಪುಗಳಾಗಿ ಸರದಿಯನ್ನು ಹಂಚಿಕೊಂಡರೆ ಸಾಕು. ಒಂದು ಗುಂಪು ಅಶಕ್ತರನ್ನು ಕೈಹಿಡಿದು ದರ್ಶನಕ್ಕೆ ಕರೆತರಲಿ. ಇನ್ನೊಂದು ಗುಂಪು ಸೂರ್ಯಾಸ್ತಕ್ಕೆ ಮೊದಲು ಊಟ ಮುಟ್ಟಿಸಲಿ. ಮತ್ತೊಂದು ಗುಂಪು ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಲಿ. ಓದಲಾರದ ಕಣ್ಣುಗಳಿಗೆ ಶಾಸ್ತ್ರವನ್ನು ಓದಿ ಹೇಳಲು ಶಾಲೆಯ ಮಕ್ಕಳೂ ಸಮರ್ಥರು. ರೋಗಿಯ ಮನೆಯಲ್ಲಿ ವಾರಕ್ಕೊಂದು ರಾತ್ರಿ ಎಚ್ಚರವಿದ್ದು ಆ ಮನೆಯ ಸೊಸೆಗೆ ನಿದ್ರೆಯನ್ನು ಕೊಡುವುದು ದೊಡ್ಡ ದಾನ.

ವ್ರತ ಹಿಡಿಯುವ ಹಿರಿಯರ ವಿಷಯದಲ್ಲಿಯೂ ಎಚ್ಚರ ಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ಶಕ್ತಿಗನುಸಾರವಾಗಿ ಎಂಬ ಮಿತಿಯನ್ನು ಹಾಕಿದ್ದಾರೆ. ಅದರ ಬೆನ್ನಿಗೇ ಸಾಧುಸಮಾಧಿ ಮತ್ತು ವೈಯಾವೃತ್ಯಗಳು ಬರುತ್ತವೆ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಔಷಧ ತೆಗೆದುಕೊಳ್ಳುವ ವೃದ್ಧರು ನಿರಾಹಾರಕ್ಕೆ ಹಟ ಹಿಡಿದಾಗ, ವೈದ್ಯರನ್ನು ಕೇಳಿ, ಏಕಭುಕ್ತಿಯನ್ನೋ ರಸತ್ಯಾಗವನ್ನೋ ಸ್ವಾಧ್ಯಾಯದ ನಿಯಮವನ್ನೋ ಸೂಚಿಸುವುದು ಅವರ ಧರ್ಮಕ್ಕೆ ಅಡ್ಡಿಯಾಗುವುದಿಲ್ಲ. ಅದು ಅವರ ಧರ್ಮದ ರಕ್ಷಣೆ.

ಆಚಾರ್ಯರ ಪುಣ್ಯತಿಥಿಯು ಭಾದ್ರಪದ ಶುಕ್ಲ ದ್ವಿತೀಯೆಯಂದು ಬರುತ್ತದೆ. ಪಂಚಮಿಯಿಂದ ದಶಲಕ್ಷಣ ಪರ್ವವು ಪ್ರಾರಂಭವಾಗುತ್ತದೆ. ಹತ್ತು ದಿನಗಳ ಉಪವಾಸಕ್ಕೆ ಸಂಕಲ್ಪ ಮಾಡುವ ಮನೆಗಳು, ಅದಕ್ಕೂ ಮುಂಚಿನ ಆ ದ್ವಿತೀಯೆಯ ದಿನ ಓಣಿಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರ ಬಾಗಿಲನ್ನು ತಟ್ಟಿ, ಅವರ ಹತ್ತು ದಿನಗಳ ಊಟ, ಔಷಧ, ದರ್ಶನಗಳ ಭಾರವನ್ನು ತಮ್ಮ ವ್ರತದಲ್ಲಿಯೇ ಸೇರಿಸಿಕೊಳ್ಳಲಿ. ಆಗ ಆ ಉಪವಾಸದಲ್ಲಿ ಬಾಹ್ಯ, ಅಭ್ಯಂತರ ಎರಡು ತಪಸ್ಸುಗಳೂ ಪೂರ್ಣವಾಗುವವು.